ಗುಟ್ಟಿನ ಹಾರಾಟಕ್ಕೆ ಮಿತಿ ಬೇಕು

2025ರ ಜನವರಿ 29ರ ರಾತ್ರಿ ಅಮೆರಿಕದ ವಾಷಿಂಗ್ಟನ್ ವಿಮಾನ ನಿಲ್ದಾಣದ ಬಳಿ ಪ್ರಯಾಣಿಕ ವಿಮಾನಕ್ಕೂ ಸೇನಾ ಹೆಲಿಕಾಪ್ಟರಿಗೂ ಡಿಕ್ಕಿಯಾಗಿ 67 ಮಂದಿ ಪ್ರಾಣ ಕಳೆದುಕೊಂಡರು. ತಾನಿರುವ ಜಾಗವನ್ನು ಕ್ಷಣಕ್ಷಣಕ್ಕೂ ಸಾರುವ ‘ಎಡಿಎಸ್-ಬಿ’ ಸಂಕೇತ ಹೆಲಿಕಾಪ್ಟರಿನಿಂದ ಹೊರಡುತ್ತಿರಲಿಲ್ಲ. ಸೂಕ್ಷ್ಮ ಕಾರ್ಯಾಚರಣೆಗಳಿಗೆಂದು ಸರಕಾರಿ ವಿಮಾನಗಳಿಗೆ 2019ರಲ್ಲಿ ವಿನಾಯಿತಿ ಕೊಡಲಾಗಿತ್ತು. ಅಂದಿನ ಹಾರಾಟವಾದರೋ ತರಬೇತಿಯದು.

ದುರಂತಕ್ಕೆ ಇದೊಂದೇ ಕಾರಣವಲ್ಲ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಅಲ್ಲಿ ವಿಮಾನ, ಹೆಲಿಕಾಪ್ಟರುಗಳು ತೀರಾ ಹತ್ತಿರ ಬಂದ 85 ಪ್ರಸಂಗಗಳು ದಾಖಲೆಯಲ್ಲಿದ್ದರೂ ಯಾರೂ ಎಚ್ಚೆತ್ತುಕೊಳ್ಳಲಿಲ್ಲ.

2025ರ ಡಿಸೆಂಬರ್‌ನಲ್ಲಿ ಸೆನೆಟ್ ಅಂಗೀಕರಿಸಿದ ‘ರೋಟರ್’ ಮಸೂದೆ ಈ ವಿನಾಯಿತಿಯನ್ನು ಬಿಗಿಗೊಳಿಸುವಂಥದ್ದು. ಇತರ ವಿಮಾನಗಳ ಸಂಕೇತ ಪಡೆಯುವ ಉಪಕರಣವನ್ನೂ ಅದು ಕಡ್ಡಾಯಗೊಳಿಸುತ್ತದೆ.

ದೇಶರಕ್ಷಣೆಗೆ ಗುಟ್ಟು ಬೇಕು, ನಿಜ. ಆದರೆ ಜನ ತುಂಬಿದ ವಿಮಾನಗಳ ದಾರಿಯಲ್ಲಿ ತರಬೇತಿಗೂ ಗುಟ್ಟೇಕೆ? ಜನರನ್ನು ಕಾಯಬೇಕಾದ ಸೇನೆ ಮೊದಲು ಅವರ ಕಣ್ಣಿಗೆ ಕಾಣಿಸಲಿ.