ಹಿಮದ ಬೆಟ್ಟಕ್ಕೆ ಮೊದಲ ಚಾರಣ: ‘ಸುಲಭ’ ಅಂದರೆ ಯಾವುದು ಸುಲಭ?

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಉತ್ತರಾಖಂಡದ ಕೇದಾರಕಂಠದ ಫೋಟೊಗಳು ಓಡಾಡಲು ಶುರುವಾಗುತ್ತವೆ. ಹಿಮ ಹೊದ್ದ ಕಾಡು, ಸಾಲು ಡೇರೆಗಳು, ತುದಿಯಲ್ಲಿ ನಿಂತು ನೋಡುವ ಸೂರ್ಯೋದಯ. ಜೊತೆಗೆ ಎರಡು ಮಾತು ಇರುತ್ತವೆ: ಮೊದಲ ಸಲ ಹೋಗುವವರಿಗೂ ಇದು ಸುಲಭ, ಉಸಿರು ಕಟ್ಟಿದರೆ ಕರ್ಪೂರ ಮೂಸಿದರೆ ಸಾಕು. ಮೊದಲ ಮಾತು ಅರ್ಧ ನಿಜ. ಎರಡನೆಯದು ಅಷ್ಟೂ ನಿಜವಲ್ಲ.

ಚಾರಣ ಕಂಪನಿಗಳು ‘ಸುಲಭ’ ಎಂದು ಬರೆಯುವಾಗ ಹೆಚ್ಚಾಗಿ ದಾರಿಯ ಬಗ್ಗೆ ಹೇಳುತ್ತಿರುತ್ತವೆ. ಕೇದಾರಕಂಠದಲ್ಲಿ ಹಗ್ಗ ಹಿಡಿದು ಬಂಡೆ ಏರಬೇಕಿಲ್ಲ, ದಾರಿ ಸ್ಪಷ್ಟವಾಗಿದೆ. ಆದರೆ ಎತ್ತರದ ಲೆಕ್ಕ ನೋಡಿ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯೇ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕರ್ನಾಟಕದ ಬೆಟ್ಟಗಳೆಲ್ಲ ಮುಗಿಯುವಲ್ಲಿ ಈ ಚಾರಣ ಆರಂಭವಾಗುತ್ತದೆ. ಅಲ್ಲಿಂದ ಸುಮಾರು 3,800 ಮೀಟರ್‌ನ ತುದಿಯನ್ನು ಹೆಚ್ಚಿನ ತಂಡಗಳು ಮೂರನೇ ದಿನ ಬೆಳಿಗ್ಗೆಯೇ ಮುಟ್ಟುತ್ತವೆ.

ಆ ಎತ್ತರದ ಗಾಳಿಯಲ್ಲೂ ಆಮ್ಲಜನಕದ ಪ್ರಮಾಣ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. 3,800 ಮೀಟರ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ದೇಹ ಉಸಿರಾಟದ ವೇಗ ಹೆಚ್ಚಿಸಿ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಸಮಯ ಕೊಡದೆ ಏರಿದರೆ ಎತ್ತರದ ಕಾಯಿಲೆ ಬರಬಹುದು. ಸುಮಾರು 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಬರಬಹುದು. ದಿನಾ ಜಿಮ್‌ಗೆ ಹೋಗುವವರಿಗೆ ಇದರಿಂದ ವಿನಾಯಿತಿ ಇಲ್ಲ. ಕಾಲಲ್ಲಿ ಕಸುವಿದೆ ಎಂದು ಬೇಗ ಬೇಗ ಏರುವ ಹುಡುಗರೇ ಕೆಲವೊಮ್ಮೆ ಮೊದಲು ಮಲಗುತ್ತಾರೆ.

ಶುರುವಿನ ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು. ಇಷ್ಟಾದಾಗ ಇನ್ನೂ ಮೇಲೆ ಹೋಗಬಾರದು. ಅಲ್ಲೇ ವಿಶ್ರಾಂತಿ ಪಡೆಯಬೇಕು, ಹೆಚ್ಚಾದರೆ ಇಳಿಯಬೇಕು. ನಡಿಗೆ ತೂರಾಡಿದರೆ, ಮಾತು ಅಸಂಬದ್ಧವಾದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಅದು ಮಿದುಳು ಅಥವಾ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ. ಆಗ ಬೆಳಗಾಗಲೆಂದು ಕಾಯದೆ, ಒಬ್ಬಂಟಿಯಾಗಿ ಬಿಡದೆ ಕೂಡಲೇ ಕೆಳಗೆ ಕರೆತರಬೇಕು. ಮುಂಜಾಗ್ರತೆಗೆ ಡೈಮಾಕ್ಸ್ ಮಾತ್ರೆ ಇದೆ ನಿಜ. ಆದರೆ ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಫಾರ್ವರ್ಡ್ ನೋಡಿ ಅಲ್ಲ.

ಇನ್ನು ಕರ್ಪೂರ. 2021ರ ಕೊರೊನಾ ಅಲೆಯಲ್ಲಿ ಕರ್ಪೂರ, ಲವಂಗ, ಓಮದ ಗಂಟು ಆಮ್ಲಜನಕ ಹೆಚ್ಚಿಸುತ್ತದೆಂದು ಹಬ್ಬಿದ ಸಂದೇಶದ ತಮ್ಮ ಇದು. ಕರ್ಪೂರದ ವಾಸನೆ ಮೂಗಿನ ನರಗಳನ್ನು ಕೆಣಕಿ ತಂಪೆನಿಸುತ್ತದೆ, ಮೂಗು ತೆರೆದಂತೆ ಭಾಸವಾಗುತ್ತದೆ. ರಕ್ತದ ಆಮ್ಲಜನಕ ಇದ್ದಲ್ಲೇ ಇರುತ್ತದೆ. ಹಿತವೆನಿಸಿದ್ದಕ್ಕೆ ಇಳಿಯುವುದನ್ನು ಮುಂದೂಡುತ್ತಾರೆ, ನಿಜವಾದ ಅಪಾಯ ಅದೇ. ನುಂಗಿದರಂತೂ ಕರ್ಪೂರ ವಿಷ. ಮಕ್ಕಳಿಗೆ ಸ್ವಲ್ಪವೇ ಸಾಕು, ಫಿಟ್ಸ್ ಬರಬಹುದು.

ಚಳಿಗೆ ‘ಒಂದು ಪೆಗ್’ ಎಂಬ ಸಲಹೆಯೂ ಇದೇ ಜಾತಿಯದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗೆನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಮೇಲಾಗಿ ನಿದ್ದೆಯಲ್ಲಿ ಉಸಿರಾಟ ಮಂದವಾಗುತ್ತದೆ.

ಚಳಿಯ ವಿಷಯದಲ್ಲಿ ತಿಂಗಳನ್ನು ನಂಬಿಯೂ ಕೂರುವಂತಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ತೀರಿಕೊಂಡರು. ಅದು ಬೇಸಿಗೆ. ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ದೇಹ ಬಹಳ ಬೇಗ ತಣ್ಣಗಾಗುತ್ತದೆ. ಆದ್ದರಿಂದಲೇ ಜೀನ್ಸ್, ಹತ್ತಿ ಬನಿಯನ್ ಬೇಡ ಎನ್ನುವುದು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒಳಗೆ ಬೇಗ ಒಣಗುವ ಬಟ್ಟೆ, ನಡುವೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ ಇರಲಿ. ಕಪ್ಪು ಕನ್ನಡಕ ಬರೀ ಫೋಟೊಗಲ್ಲ, ಹಿಮದಿಂದ ಚಿಮ್ಮುವ ಬಿಸಿಲು ಕಣ್ಣನ್ನು ಸುಡುತ್ತದೆ.

ಹಾಗಾದರೆ ಹೋಗಲೇಬಾರದೆ? ಹೋಗಿ, ಚೆಂದದ ಜಾಗ ಅದು. ಸಾಧ್ಯವಿದ್ದರೆ ಸಾಂಕ್ರಿಯಲ್ಲಿ ಒಂದು ರಾತ್ರಿ ಹೆಚ್ಚು ತಂಗಿ. ಹಣ ಕಟ್ಟುವ ಮೊದಲು ಕಂಪನಿಯವರನ್ನು ಕೇಳಿ: ಒಬ್ಬರಿಗೆ ಹುಷಾರು ತಪ್ಪಿದರೆ ಅವರ ಜೊತೆ ಇಳಿಯಲು ಬೇರೆ ಮಾರ್ಗದರ್ಶಿ ಇದ್ದಾರೆಯೆ? ಆಮ್ಲಜನಕದ ಸಿಲಿಂಡರ್ ಯಾವ ಕ್ಯಾಂಪಿನಲ್ಲಿರುತ್ತದೆ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಹಿಮದ ಬೆಟ್ಟದ ಅನುಭವವಷ್ಟೇ ಬೇಕೆನ್ನುವವರಿಗೆ ಮಸ್ಸೂರಿ ಕಡೆಯ ನಾಗ್ ಟಿಬ್ಬಾ ಇದೆ. ಎತ್ತರ 3,022 ಮೀಟರ್. ಚಳಿಗಾಲದಲ್ಲಿ ಅಲ್ಲೂ ಹಿಮ ಬೀಳುತ್ತದೆ, ತಲೆನೋವು ಬಂದರೆ ಅದೇ ದಿನ ಕೆಳಗಿನ ಹಳ್ಳಿ ಸೇರಬಹುದು.