ಡಬ್ಬ ಚಿಕ್ಕದಾದರೆ ಸಾಲದು, ಒಳಗೆ ಗಾಳಿ ಆಡಬೇಕು

ಕಂಪ್ಯೂಟರ್ ಕೊಳ್ಳಲು ತಾಲ್ಲೂಕಿನ ಅಂಗಡಿಗೆ ಹೋದರೆ ಮಾತೆಲ್ಲ ಮೂರೇ ವಿಷಯದ ಮೇಲೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು. ಇವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಳ್ಳುವ ಕ್ಯಾಬಿನೆಟ್ ಬಗ್ಗೆ ಕೇಳಿ ನೋಡಿ. ‘ಅದೇನ್ ಸಾರ್, ಡಬ್ಬ ತಾನೇ’ ಅನ್ನುತ್ತಾರೆ. ನಮ್ಮೂರುಗಳಲ್ಲಿ ಆ ಡಬ್ಬವನ್ನೇ ಸಿಪಿಯು ಎಂದು ಕರೆಯುತ್ತೇವೆ. ಹೆಸರು ದೊಡ್ಡದು, ಬೆಲೆ ಮಾತ್ರ ಇಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. ಅಗ್ಗದ ಚಿಕ್ಕ ಕ್ಯಾಬಿನೆಟ್‌ಗಳ ಒಳಗನ್ನು ನಮ್ಮ ಬಿಸಿಲು, ನಮ್ಮ ಧೂಳು ನೋಡಿ ಮಾಡಿಲ್ಲ. ಆದರೂ ಅವನ್ನೇ ನಮಗೆ ದಾಟಿಸುತ್ತಿದ್ದಾರೆ.

ಒಳಗೆ ಏನಿದೆ ನೋಡೋಣ. ಇಂಥ ಡಬ್ಬಗಳಲ್ಲಿ ಕೂರುವುದು ಸಾಮಾನ್ಯವಾಗಿ ಮೈಕ್ರೋ ಎಟಿಎಕ್ಸ್ ಬೋರ್ಡು. ಅದರ ಪೂರ್ಣ ಅಳತೆ 244 ಮಿ.ಮೀ. ಉದ್ದ, ಅಷ್ಟೇ ಅಗಲ. ಜೊತೆಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್, ಅದು 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಡಬ್ಬ ಕುಗ್ಗಿದರೂ ಇವು ಕುಗ್ಗುವುದಿಲ್ಲ. ಹಾಗಾದರೆ ಕುಗ್ಗಿದ್ದು ಏನು? ಇವುಗಳ ನಡುವಿನ ಖಾಲಿ ಜಾಗ, ಅಂದರೆ ಗಾಳಿ ಓಡಾಡುವ ದಾರಿ.

ಹಲವು ಅಗ್ಗದ ಡಬ್ಬಗಳಲ್ಲಿ ಎಸ್‌ಎಂಪಿಎಸ್ ಮೇಲೆ, ಪ್ರೊಸೆಸರ್‌ನ ನೆತ್ತಿಯ ಹತ್ತಿರ ಕೂತಿರುತ್ತದೆ. ಪ್ರೊಸೆಸರ್ ಕಾರಿದ ಬಿಸಿಗಾಳಿಯನ್ನೇ ಅದು ಎಳೆದುಕೊಳ್ಳಬೇಕು. ಅದರಿಂದ ಹೊರಟ ವೈರುಗಳ ಗೊಂಚಲನ್ನು ಸರಿಸಲು ಬೋರ್ಡಿನ ಹಿಂದೆ ಜಾಗವಿಲ್ಲ. ಬೇಡದ ವೈರುಗಳನ್ನೂ ಗಂಟು ಕಟ್ಟಿ ಮುಂಭಾಗಕ್ಕೆ ತುರುಕುತ್ತಾರೆ. ತಣ್ಣನೆ ಗಾಳಿ ಒಳಗೆ ಬರಬೇಕಾದದ್ದು ಅಲ್ಲಿಂದಲೇ! ಅದರ ಮುಂದೆ ಹಾರ್ಡ್ ಡಿಸ್ಕ್ ಗೂಡು, ಅದಕ್ಕೂ ಮುಂದೆ ಗಾಜಿನ ಹಲಗೆ. ಗಾಜಿನ ಹಿಂದೆ ಬಣ್ಣದ ದೀಪದ ಫ್ಯಾನ್ ತಿರುಗುತ್ತದೆ. ಗಾಜು ತೂರಿಕೊಂಡು ಗಾಳಿ ಬರುತ್ತದೆಯೇ?

ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮೇಲೆ ತಗಡಿನ ಸೂರು. ತೊಗರಿ ರಾಶಿ ಕಾಲದಲ್ಲಿ ಹೊಟ್ಟು, ಧೂಳು ಬೇರೆ. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಆಸುಪಾಸಿಗೆ ಬಂದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಇನ್ನೂ ಕಾದರೆ ಯಂತ್ರವೇ ಆಫ್. ಪಹಣಿಗೆ ಸಾಲು ನಿಂತವರಿಗೆ ಸಿಗುವ ಉತ್ತರ ‘ಸರ್ವರ್ ಸ್ಲೋ’. ಎಷ್ಟೋ ಸಲ ಅದು ನಿಜ. ಕೆಲವು ಸಲ ಮಾತ್ರ ಸ್ಲೋ ಆಗಿರುವುದು ಮೇಜಿನ ಕೆಳಗಿನ ಡಬ್ಬ. ಕೂಲಿ ಬಿಟ್ಟು ಬಂದವರು ವಾಪಸ್ ಹೋಗುತ್ತಾರೆ, ಯಾರೂ ಡಬ್ಬವನ್ನು ಬೈಯುವುದಿಲ್ಲ.

‘ಈ ದುಡ್ಡಿಗೆ ಇಷ್ಟೇ ಬರೋದು’ ಅನ್ನುವ ವಾದವನ್ನು ನಾವು ಒಪ್ಪುವುದಿಲ್ಲ. ಗಾಜು, ಬಣ್ಣದ ದೀಪ ಇವಕ್ಕೆ ದುಡ್ಡು ಇದೆಯಲ್ಲ? ಗಾಜಿನ ಬದಲು ಜಾಲರಿ ಹಾಕಲು, ವೈರು ದಾಟಿಸಲು ತಗಡಿನಲ್ಲಿ ಒಂದು ತೂತು ಕೊರೆಯಲು ಎಷ್ಟು ಖರ್ಚು? ಕೊರತೆ ಇರುವುದು ದುಡ್ಡಿಗಲ್ಲ, ಯಾರಿಗಾಗಿ ಮಾಡುತ್ತಿದ್ದೇವೆ ಎಂಬ ಯೋಚನೆಗೆ. ಚಿಕ್ಕ ಡಬ್ಬವೇ ತಪ್ಪು ಎಂದೂ ನಾವು ಹೇಳುತ್ತಿಲ್ಲ. ಸಣ್ಣ ಮನೆಯಲ್ಲೂ ಎದುರುಬದುರು ಕಿಟಕಿ ಇಟ್ಟರೆ ಗಾಳಿ ಆಡುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ಪಕ್ಕದ ಮುಚ್ಚಳ ಬಿಚ್ಚಿಸಿ. ಅಂಗಡಿಯವರು ಗೊಣಗಿದರೂ ಬಿಡಬೇಡಿ. ಇಷ್ಟು ನೋಡಿ:

ಮುಂದೆ ಜಾಲರಿ ಇದೆಯೇ? ಧೂಳು ತಡೆಯುವ ಪರದೆ ಬಿಚ್ಚಿ ತೊಳೆಯುವಂತಿದೆಯೇ?

ಗಾಳಿ ಒಳಗೆಳೆಯಲು ಮುಂದೊಂದು, ಹೊರಹಾಕಲು ಹಿಂದೊಂದು ಫ್ಯಾನ್ ಹಾಕಲು ಜಾಗವಿದೆಯೇ?

ಬೋರ್ಡಿನ ಹಿಂದೆ ವೈರು ಅಡಗಿಸಲು ಒಂದು ಬೆರಳಿನಷ್ಟಾದರೂ ಸಂದು ಇದೆಯೇ?

ಡಬ್ಬದ ಜೊತೆ ‘ಫ್ರೀ’ ಬಂದ ಎಸ್‌ಎಂಪಿಎಸ್ ಮೇಲೆ ಬಿಐಎಸ್ ಗುರುತು ಇದೆಯೇ?

ಪಂಚಾಯಿತಿ ಸದಸ್ಯರಿಗೆ, ಶಾಲೆಯ ಎಸ್‌ಡಿಎಂಸಿಯವರಿಗೆ ಇನ್ನೊಂದು ಮಾತು. ನಾವು ನೋಡಿದ ಕೊಟೇಶನ್‌ಗಳಲ್ಲಿ ಪ್ರೊಸೆಸರ್‌ಗೆ ಒಂದು ಸಾಲು, ರ‍್ಯಾಮ್‌ಗೆ ಒಂದು ಸಾಲು, ಕ್ಯಾಬಿನೆಟ್‌ಗೆ ಒಂದೇ ಒಂದು ಪದ. ಆ ಒಂದು ಪದದಲ್ಲಿ ಯಾವ ಡಬ್ಬ ಬೇಕಾದರೂ ತುರುಕಬಹುದು. ಮುಂದಿನ ಸಲ ‘ಮುಂದೆ ಜಾಲರಿ, ಎರಡು ಫ್ಯಾನ್, ತೊಳೆಯಬಹುದಾದ ಧೂಳುಪರದೆ’ ಎಂದು ಬರೆಸಿ. ಬರೆದದ್ದು ಬಂದಿದೆಯೇ ಎಂದು ಮುಚ್ಚಳ ಬಿಚ್ಚಿ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.