ಹೆಪ್ಪುಗಟ್ಟುವ ರಕ್ತಕ್ಕೆ ಸೋಮಾರಿತನದ ಹಣೆಪಟ್ಟಿ ಬೇಡ

ಚಿಕ್ಕ ವಯಸ್ಸಿನವರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದಕ್ಕೆ ಕೂತು ತಿನ್ನುವ ಬದುಕೇ ಕಾರಣ, ನಡೆದಾಡಿದರೆ ಸಾಕು ಎಂಬ ಆರೋಗ್ಯ ಅಂಕಣವೊಂದರ ವಾದವನ್ನು ನಾನು ಒಪ್ಪಲಾರೆ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ ದಿನವಿಡೀ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳು ಸಾಕುವ ಹೆಣ್ಣುಮಗಳ ಕಾಲು ಬಾತರೆ ತಪ್ಪು ಅವಳದೇ?

ಹೆಪ್ಪುಗಟ್ಟುವಿಕೆಯನ್ನು ಹದ್ದುಬಸ್ತಿನಲ್ಲಿಡುವ ಆಂಟಿಥ್ರಾಂಬಿನ್, ಪ್ರೊಟೀನ್ ಸಿ, ಪ್ರೊಟೀನ್ ಎಸ್ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ನಾರ್ವೆಯ ಓಲಾವ್ ಎಗೆಬರ್ಗ್ 1965ರಲ್ಲೇ ಒಂದು ಕುಟುಂಬದಲ್ಲಿ ಆಂಟಿಥ್ರಾಂಬಿನ್ ಕೊರತೆಯನ್ನು ಗುರುತಿಸಿದ್ದರು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಇದು ಇನ್ನೂ ಗಂಭೀರ. ಪ್ರೊಟೀನ್ ಸಿ ದೋಷ ಎರಡೂ ಕಡೆಯಿಂದ ಬಂದರೆ, ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸಿನ ಚರ್ಮ ಕಪ್ಪಾಗಿ ಕೊಳೆಯತೊಡಗಬಹುದು. ಆ ತಾಯಿಗೆ ವಾಕಿಂಗ್ ಹೇಳಿಕೊಡುತ್ತೀರಾ?

ಈ ಕೊರತೆಗಳ ಪರೀಕ್ಷೆ ಎಲ್ಲರಿಗೂ ಬೇಡ ಎಂಬ ಮಾತು ಸರಿಯೇ. ಅಕಾಲದಲ್ಲಿ ಮಾಡಿದರೆ ದಾರಿ ತಪ್ಪಿಸುತ್ತದೆ ಕೂಡ: ಹೆಪ್ಪುಗಟ್ಟದಂತೆ ಕೊಡುವ ಔಷಧಗಳಲ್ಲಿ ವಾರ್ಫರಿನ್ ಸೇವನೆಯಿಂದ ಪ್ರೊಟೀನ್ ಸಿ ಮತ್ತು ಎಸ್, ಹೆಪಾರಿನ್‌ನಿಂದ ಆಂಟಿಥ್ರಾಂಬಿನ್, ಬಸಿರಿನಲ್ಲಿ ಪ್ರೊಟೀನ್ ಎಸ್ ಇಳಿಯುತ್ತವೆ. ಆದರೆ ವಂಶದ ಪ್ರಶ್ನೆಗೆ ಕಾಸಿನ ಖರ್ಚಿಲ್ಲ. ಗರ್ಭನಿರೋಧಕ ಮಾತ್ರೆ ಬರೆಯುವ ಮುನ್ನ, ಬಸಿರು ಬಾಣಂತನದಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಕೇಳಲಿ: ಹೆತ್ತವರು, ಒಡಹುಟ್ಟಿದವರಲ್ಲಿ ಯಾರಿಗಾದರೂ ಐವತ್ತರೊಳಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತೇ? ಹೌದೆಂದರೆ ರಕ್ತರೋಗ ತಜ್ಞರ ಬಳಿಗೆ ಕಳಿಸಲಿ.